ಶೇಂಗಾದ ವಂಶವೃಕ್ಷ

ಜಮಖಂಡಿ ಸಂಸ್ಥಾನದಲ್ಲಿ ಮದುವೆಯಾಗದ ಗಂಡಸೊಬ್ಬ ಯಾರದೋ ಮನೆಗೆ ಹೋಗಿ ಅಜ್ಜ, ಮುತ್ತಜ್ಜ, ತಾಯಿಯ ತವರು ಎಂದು ವಿಚಾರಿಸಿದರೆ ಅದಕ್ಕೆ ಒಂದೇ ಅರ್ಥ: ಹೆಣ್ಣು ನೋಡಲು ಬಂದಿದ್ದಾನೆ. ಪುಣೆಯಲ್ಲಿ ಬೆಳೆದು ಅಲ್ಲೇ ಓದಿದ ಡಾಕ್ಟರ್ ಸುಪಾರ್ಶ್ವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅವನ ತಲೆಯಲ್ಲಿ ಇದ್ದದ್ದು ಕೈ ನಡುಗುವ ರೋಗ ಮಾತ್ರ. ಅದು ತಂದೆತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ ಎಂಬುದು ಅವನ ವಾದ. ಒಂದೇ ಒಂದು ಮನೆತನದ ವಿವರ ಪೂರ್ತಿ ತಾ, ಆಗ ನಂಬುತ್ತೇವೆ ಎಂದು ಪುಣೆಯ ಗುರುಗಳು ಹೇಳಿದ್ದರು. ಆದರೆ ಹೇಳುವವರು ಯಾರು? ಮನೆಯಲ್ಲಿ ನಡುಕವಿದೆ ಎಂದು ಸುದ್ದಿಯಾದರೆ ಹೆಣ್ಣುಮಕ್ಕಳು ಮನೆಯಲ್ಲೇ ಉಳಿದಾರು.

ಅರಿವೆ ವ್ಯಾಪಾರಿ ತಾತ್ಯಾಸಾಹೇಬರ ಮನೆಯಲ್ಲಿ ನಡುಕವಿದೆಯೆಂದು ಕೇಳಿ ಒಂದು ಬೆಳಿಗ್ಗೆ ಅಲ್ಲಿಗೆ ಹೋದ. ತಾತ್ಯಾಸಾಹೇಬರು ಬಲಗೈಯನ್ನು ಕೋಟಿನ ಕಿಸೆಯೊಳಗೆ ಅಡಗಿಸಿ, ಮುತ್ತಜ್ಜನವರೆಗೆ ಎಲ್ಲರ ಹೆಸರನ್ನೂ ಹೇಳಿದರು. ಎಲ್ಲರ ಕೈಯೂ ಕಲ್ಲಿನಂತೆ ಗಟ್ಟಿ ಇತ್ತಂತೆ. ಒಗ್ಗರಣೆ ಅವಲಕ್ಕಿ ಬಂತು. ಪಕ್ಕದ ಮನೆಯ ಸಾವಕ್ಕ ಸಕ್ಕರೆ ಕಡ ಕೇಳಲು ಬಂದವಳು ಸಕ್ಕರೆಯನ್ನು ಮರೆತು ಕಂಬಕ್ಕೆ ಒರಗಿ ಕೂತಳು.

ಮಗಳು ರಾಜಮತಿ ಚಹಾ ತಂದಳು. ಅವಳ ಕೈಯಲ್ಲಿ ಕಪ್ಪು-ಬಸಿಗಳು ಕಟಕಟ ಎಂದವು.

"ನಾಚಿಕೀರಿ," ಎಂದಳು ಸಾವಕ್ಕ.

ಸುಪಾರ್ಶ್ವನ ಮುಖ ಅರಳಿತು. "ಎಷ್ಟು ಛಲೋ ನಡಗತಾವ್ರಿ ಕೈ! ಇಂಥಾದ್ದನ್ನ ಹುಡುಕ್ಕೋತ ಬಂದೀನಿ."

"ಹಂಗಾರ ಮುಹೂರ್ತ ಯಾವಾಗ್ರಿ?" ಸಾವಕ್ಕ ಕೇಳಿದಳು.

ಆಗ ಅವನಿಗೆ ತಿಳಿಯಿತು. ಬೆವರು ಒರೆಸಿಕೊಳ್ಳುತ್ತ ನಿಜ ಹೇಳಿದ. ಇದು ಪಾಪವಲ್ಲ, ಶಾಪವಲ್ಲ, ಯಾರ ತಪ್ಪೂ ಅಲ್ಲ, ರಕ್ತದಲ್ಲಿ ಬರುವಂಥದು ಎಂದ. ಅಲ್ಲಿಗೇ ನಿಲ್ಲಿಸದೆ, ಸಂಬಂಧದೊಳಗೆ ಮದುವೆಯಾದರೆ ಅದು ಎರಡೂ ಕಡೆಯಿಂದ ಬಂದು ಬಲಿಯುತ್ತದೆ, ಡಾಕ್ಟರನೇ ಆದರೂ ಹಾಗೆ ಆಗಕೂಡದು ಎಂದು ಭಾಷಣವನ್ನೂ ಮಾಡಿದ. ತಾತ್ಯಾಸಾಹೇಬರು ಎದ್ದು ಬಾಗಿಲು ತೋರಿಸಿದರು.

"ಕುಂದ್ರು ತಮ್ಮಾ," ಎಂದು ಒಳಗಿನಿಂದ ಧ್ವನಿ ಬಂತು. ತಾತ್ಯಾಸಾಹೇಬರ ತಾಯಿ ಶಾಂತವ್ವ ಶೇಂಗಾದ ಬುಟ್ಟಿಯೊಡನೆ ಹೊರಬಂದಳು. "ನನ್ನ ಗಂಡ ಸಾಯೂತನಕ ಪಂಕ್ತ್ಯಾಗ ಕುಂತು ಉಣಲಿಲ್ಲ, ಕೈ ಯಾರರ ನೋಡ್ಯಾರಂತ. ತಪ್ಪಲ್ಲ ಅಂತ ಹೇಳಿದಾವ ಇವನೇ ಮೊದಲನೇವ. ನಾ ಹೇಳ್ತೇನಿ, ಬರಕೋ."

ಸುಪಾರ್ಶ್ವನ ಕಣ್ಣು ತುಂಬಿತು. ಒಂದು ಮನೆ ತನಗಾಗಿ ಹೀಗೆ ಬಾಗಿಲು ತೆರೆದದ್ದು ಇದೇ ಮೊದಲು.

ಮುದುಕಿ ನೆಲದ ಮೇಲೆ ಒಬ್ಬೊಬ್ಬರಿಗೆ ಒಂದು ಶೇಂಗಾ ಇಟ್ಟಳು. ಕೈ ನಡುಗಿದವರ ಪಕ್ಕದಲ್ಲಿ ರಾಜಮತಿ ಒಂದೊಂದು ಕೆಂಪು ಮೆಣಸಿನಕಾಯಿ ಇಟ್ಟಳು. ತನಗೂ ಒಂದು ಇಟ್ಟುಕೊಂಡಳು, ಮುಖ ಕೆಳಗೆ ಹಾಕಲಿಲ್ಲ. ಸುಪಾರ್ಶ್ವ ಬರೆಯುವುದನ್ನು ಬಿಟ್ಟು ಅವಳನ್ನೇ ನೋಡಿದ.

"ಇದು ನನ್ನ ಗಂಡನ ತಂಗಿ ಹೀರಾ. ಹುನ್ನೂರಿಗೆ ಕೊಟ್ಟಿದ್ವಿ, ಅಲ್ಲಿ ಹೆಸರು ಬದಲಿಸಿ ಪದ್ಮವ್ವ ಅಂತ ಇಟ್ರು. ಜಗಳಾತು, ಹೋಕಿ ಬರಕಿ ನಿಂತ್ವು. ಮಜ್ಜಿಗಿ ಚೆಲ್ಲಿದಾಗೊಮ್ಮೆ ಚರಗೀನ ಬೈತಿದ್ಲು, ಬುಡ ಸರಿ ಇಲ್ಲ ಅಂತ."

ಸುಪಾರ್ಶ್ವನ ಲೇಖನಿ ನಿಂತಿತು. ಹುನ್ನೂರಿನಿಂದ ಪುಣೆಗೆ ಬಂದು ನೆಲೆಸಿದ್ದ ಅವನ ತಂದೆಯ ತಾಯಿ ಪದ್ಮವ್ವ ಬದುಕಿದಷ್ಟು ದಿನವೂ ಚರಗಿಯನ್ನು ಬೈಯುತ್ತಿದ್ದಳು. ಆ ನಡುಗುವ ಕೈಯಿಂದಲೇ ಅವನಿಗೆ ತುತ್ತು ಹಾಕಿ ಬೆಳೆಸಿದ್ದಳು. ತವರಿನ ಮಾತು ಮಾತ್ರ ಎತ್ತುತ್ತಿರಲಿಲ್ಲ.

"ಆಕಿ ನಮ್ಮಜ್ಜಿರಿ," ಎಂದ. ಹೇಳುವಾಗ ಲೇಖನಿ ಹಿಡಿದ ಕೈ ಸಣ್ಣಗೆ ನಡುಗಿತು. ಶಾಂತವ್ವ ಅವನ ಹೆಸರಿಗೂ ಒಂದು ಶೇಂಗಾ ಇಟ್ಟಳು, ರಾಜಮತಿ ಅದರ ಪಕ್ಕದಲ್ಲಿ ಒಂದು ಮೆಣಸಿನಕಾಯಿ ಇಟ್ಟಳು.

ತಾತ್ಯಾಸಾಹೇಬರು ಕಿಸೆಯಿಂದ ಕೈ ತೆಗೆದು ಅವನನ್ನು ಅಪ್ಪಿಕೊಂಡರು. ಶಾಂತವ್ವ ಅವನ ಹೆಸರಿನ ಶೇಂಗಾವನ್ನು ಮೆಣಸಿನಕಾಯಿ ಸಮೇತ ಮೊಮ್ಮಗಳ ಶೇಂಗಾದ ಪಕ್ಕಕ್ಕೆ ಸರಿಸಿದಳು. "ಹಳೇ ಸೋಯರಿಕಿ. ಇವಗ ಹಕ್ಕಿನ ಹುಡಿಗಿ, ಲಗ್ನಾ ಮಾಡೂಣು."

ಸಾವಕ್ಕ ಓಣಿಗೆ ಸುದ್ದಿ ಹೇಳಲು ಹೊಸ್ತಿಲು ದಾಟಿಯೇ ಬಿಟ್ಟಳು. ಮನೆತನ ಸಿಕ್ಕಿತು, ಅಜ್ಜಿಯ ತವರು ಸಿಕ್ಕಿತು, ಇನ್ನೇನು ಬೇಕು? ಸುಪಾರ್ಶ್ವ ರಾಜಮತಿಯ ಕಡೆ ಕದ್ದು ನೋಡಿ, "ಹಿರ್‍ಯಾರು ಹೇಳಿದಂಗ್ರಿ," ಎಂದ.

ರಾಜಮತಿ ಅವನ ಶೇಂಗಾವನ್ನು ಎತ್ತಿಕೊಂಡಳು.

"ಸಂಬಂಧದಾಗ ಆಗಬಾರದು ಅಂತ ಮುಂಜಾನೆ ನೀವ ಹೇಳಿದ್ರೆಲ್ರಿ. ನನಗ ಖರೆ ಅನಿಸ್ತು. ಭಾಳ ಉಪಕಾರ ಆತ್ರಿ."

ಸಿಪ್ಪೆ ಒಡೆದು ಕಾಳು ಬಾಯಿಗೆ ಹಾಕಿಕೊಂಡಳು. ಡಾಕ್ಟರನ ಜಾಗದಲ್ಲಿ ಮೆಣಸಿನಕಾಯಿ ಒಂದೇ ಉಳಿಯಿತು.