ಹೊನ್ನಯ್ಯನ ಹೆಜ್ಜೆ

ಗಣಪಯ್ಯ: ಹನ್ನೊಂದು ಕುರ್ಚಿ ಎಲ್ಲಿಂದ ತರ್ಲಿ ಮಾರಾಯ್ರೇ? ಇರೋದೇ ನಾಲ್ಕು. ಅದ್ರಲ್ಲಿ ಒಂದು ಅಮಲ್ದಾರರಿಗೆ.

ಭೈರಪ್ಪ: ನಾವು ಕುರ್ಚಿ ಕೇಳ್ಲಿಲ್ಲವಲ್ಲ ಸ್ವಾಮಿ.

ಗಣಪಯ್ಯ: ಕೇಳೋದೇನು? ಕಾಲು ಸರಿಯಿಲ್ಲದವರನ್ನ ಕುಣಿಸಿದ್ರೆ ನೋಡಿದವರು ಏನಂತಾರೆ? ಅಂಥವರಿಗೆ ನಮ್ಮ ಕೂಟದಲ್ಲಿ ಅನುಕೂಲ ಮಾಡಿಕೊಡ್ತೀವಿ. ಕೂರಿಸ್ತೀವಿ.

೧೯೩೮ರ ನವರಾತ್ರಿ. ಶಿವಮೊಗ್ಗದ ಮೈದಾನದಲ್ಲಿ ಸಂಜೆ ಐದಕ್ಕೆ ಕೋಲಾಟದ ಕೂಟ. ಗಣಪಯ್ಯ ಅದರ ಕಾರ್ಯದರ್ಶಿ. ಭದ್ರಾವತಿಯ ಓಲ್ಡ್ ಟೌನಿನ ಭೈರಪ್ಪ ತನ್ನ ತಂಡದೊಂದಿಗೆ ಮಧ್ಯಾಹ್ನದ ರೈಲಿಗೆ ಬಂದಿಳಿದು, ಅಭ್ಯಾಸಕ್ಕೆಂದು ಆಗಷ್ಟೇ ಒಂದು ಸುತ್ತು ಹಾಕಿಸಿದ್ದ. ಒಬ್ಬರೂ ಬಿಡದೆ ಹನ್ನೊಂದು ಜನವೂ ಎಡಗಾಲು ಎಳೆಯುತ್ತಿದ್ದುದನ್ನು ಕಂಡು ಗಣಪಯ್ಯ ಓಡಿ ಬಂದಿದ್ದರು. ರೈಲಿನಲ್ಲಿ ಏನಾದರೂ ಅವಘಡವಾಯಿತೇ ಎಂದು ಕೇಳಿದರು. ಇಲ್ಲ ಎಂದ ಭೈರಪ್ಪ. ನಿಮ್ಮೂರಿನ ನೀರೇ ಹಾಗೋ ಎಂದರು. ನೀರು ಚೆನ್ನಾಗಿದೆ ಎಂದ.

ಗಣಪಯ್ಯ: ಮತ್ತೆ ಎಲ್ಲರೂ ಕುಂಟೋದು ಯಾಕೆ?

ಭೈರಪ್ಪ: ಕುಂಟೋದಲ್ಲ ಸ್ವಾಮಿ, ಅದು ಹೆಜ್ಜೆ. ಹೊನ್ನಯ್ಯ ನಮಗೆ ಕಲಿಸಿದ್ದೇ ಹಾಗೆ.

ಹರೆಯದಲ್ಲಿ ಹೊನ್ನಯ್ಯನ ಎಡಪಾದದ ಮೇಲೆ ಗಾಡಿಯ ಗಾಲಿ ಹರಿದಿತ್ತು. ಕೋಲು ಹಿಡಿದು ಅವನು ಕುಣಿದು ತೋರಿಸಿದ್ದನ್ನೇ ಇವರು ಕಲಿತರು. ಅದರಲ್ಲಿ ಯಾವುದು ಹೆಜ್ಜೆ, ಯಾವುದು ನೋವು ಎಂದು ಬಿಡಿಸಿ ಹೇಳುವ ಗೋಜಿಗೆ ಅವನು ಹೋಗಲಿಲ್ಲ. ಹೋದ ವರ್ಷ ಇದೇ ಮೈದಾನದಲ್ಲಿ, ಸುತ್ತು ಕಟ್ಟುವ ಮೊದಲೇ ಗಣಪಯ್ಯ ಬಹಳ ಮರ್ಯಾದೆಯಿಂದ ಅವನನ್ನು ಹೊರಗೆ ಕರೆದು, ದಿಂಬು ಹಾಕಿದ ಕುರ್ಚಿಯಲ್ಲಿ ಕೂರಿಸಿ, ಪಾನಕ ಕೊಡಿಸಿದ್ದರು. ಎಲ್ಲ ಅನುಕೂಲವೂ ಇತ್ತು, ಕುಣಿಯುವುದೊಂದು ಬಿಟ್ಟು. ಹೊನ್ನಯ್ಯ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನಿಲ್ಲದೆ ಕುಣಿಯಲಾರದೆ ತಂಡವೂ ಊರಿಗೆ ಹಿಂತಿರುಗಿತು. ಈ ಆಷಾಢದಲ್ಲಿ ಜ್ವರ ಬಂದು ಅವನು ತೀರಿಕೊಂಡ. ಅವನ ಹೆಜ್ಜೆಯನ್ನಾದರೂ ಈ ಮೈದಾನದಲ್ಲಿ ಒಮ್ಮೆ ಹಾಕಬೇಕೆಂದೇ ಭೈರಪ್ಪ ಬಂದಿದ್ದ. ಅದನ್ನು ಗಣಪಯ್ಯನವರಿಗೆ ಹೇಳಲು ಅವನಿಗೆ ಮನಸ್ಸಾಗಲಿಲ್ಲ.

ನೆಟ್ಟಗೆ ನಡೆದು ಕುಣಿಯಿರಿ, ಇಲ್ಲವಾದರೆ ಕುಣಿತವೇ ಬೇಡ ಎಂದು ಗಣಪಯ್ಯ ಅಪ್ಪಣೆ ಮಾಡಿದರು. ನೆಟ್ಟಗೆ ನಡೆದರು. ಕಾಲು ಎಳೆಯುವಷ್ಟು ಹೊತ್ತು ಕಾದು ಕೋಲು ಬೀಸಿ ರೂಢಿಯಾದ ಕೈಗಳು. ಎದುರಿಗಿದ್ದವನು ಆಗಲೇ ದಾಟಿ ಹೋಗಿರುತ್ತಿದ್ದ. ಜಯಪ್ಪನ ಗೆಣ್ಣಿಗೆ ಏಟು ಬಿತ್ತು. ಸಿದ್ದಯ್ಯನ ಕೋಲು ಹಾರಿ ಹೋಗಿ ಚಪ್ಪರದ ಕಂಬಕ್ಕೆ ಬಡಿಯಿತು.

ಭೈರಪ್ಪ: ನೆಟ್ಟಗೆ ನಡೆದ್ರೆ ಹೀಗೇ ಆಗೋದು ಸ್ವಾಮಿ.

ಬರಬೇಕಾಗಿದ್ದ ಇನ್ನೊಂದು ತಂಡದ ಸುಳಿವಿರಲಿಲ್ಲ. ಅಮಲ್ದಾರರು ಮನೆ ಬಿಟ್ಟರೆಂದು ಸುದ್ದಿ ಬಂತು. ಗಣಪಯ್ಯನವರ ಮನಸ್ಸು ಒಮ್ಮೆಲೇ ದೊಡ್ಡದಾಯಿತು.

ಗಣಪಯ್ಯ: ಆಯ್ತು, ಹಂಗೇ ಕುಣೀರಿ. ಬರೋ ವರ್ಷ ಆ ಹೊನ್ನಯ್ಯನ್ನೂ ಕರ್ಕೊಂಡು ಬನ್ನಿ. ಕುರ್ಚಿ ಬೇಡ, ಸುತ್ತಿನೊಳಗೇ ಕುಣೀಲಿ. ನನ್ನ ಒಪ್ಪಿಗೆ ಇದೆ.

ಭೈರಪ್ಪ: ಆಷಾಢದಲ್ಲಿ ತೀರಿಕೊಂಡ ಸ್ವಾಮಿ.

ಗಣಪಯ್ಯ ಶಲ್ಯದಿಂದ ಮುಖ ಒರೆಸಿಕೊಂಡರು. ಒರೆಸುವಂಥ ಬೆವರೇನೂ ಇರಲಿಲ್ಲ. ತಂಡ ಮತ್ತೆ ಜೋಡಿ ಜೋಡಿಯಾಗಿ ನಿಂತಿತು. ಐದು ಜೋಡಿಯಾಗಿ, ಭೈರಪ್ಪ ಒಬ್ಬನೇ ಉಳಿದ.

ಗಣಪಯ್ಯ: ನಿಮಗೆ ಜೊತೆ ಯಾರು?

ಭೈರಪ್ಪ: ಅವನೇ ಇದ್ದ.

ಗಣಪಯ್ಯ ಚಪ್ಪಲಿ ಬಿಟ್ಟು, ಶಲ್ಯವನ್ನು ಸೊಂಟಕ್ಕೆ ಬಿಗಿದು, ಯಾರನ್ನೂ ನೋಡದೆ ಕೋಲಿಗೆ ಕೈಚಾಚಿದರು. ಮೂರು ಸುತ್ತಾಗುವುದರೊಳಗೆ ಅವರ ಕೋಲು ಭೈರಪ್ಪನ ಕೋಲಿಗೆ ಎರಡು ಸಲ ತಾಗಿತು, ಮೊಣಕೈಗೆ ನಾಲ್ಕು ಸಲ.

ಗಣಪಯ್ಯ (ಏದುಸಿರು ಬಿಡುತ್ತ): ಈಗ ಸರಿ ಬಂತೇನ್ರೀ?

ಭೈರಪ್ಪ: ಎಲ್ಲಿ ಬಂತು ಸ್ವಾಮಿ? ಇನ್ನೂ ಚೆನ್ನಾಗಿ ಕುಂಟಬೇಕು.