ಡಿಗ್ರಿ ಸರ್ ಮತ್ತು ಎರಡು ಬಾಳೆಹಣ್ಣು

"ಸರ, ಊರಿಗೆಲ್ಲಾ ಗಡಿಯಾರದ ಲೆಕ್ಕ ಕಲಿಸ್ತೀರಿ, ನಿಮ್ಮ ಕೈಯಾಗ ಒಂದು ವಾಚ್ ಇಲ್ಲಲ್ರಿ?" ಎಂದಳು ತ್ರಿವೇಣಿ. ಖೂಬಾ ಪ್ಲಾಟ್ ಬಡಾವಣೆಯ ಕೋಚಿಂಗ್ ಸೆಂಟರಿನಲ್ಲಿ ಹಾಜರಿ ಬರೆಯುವವಳು ಅವಳು.

"ಮೊಬೈಲ್ ಅದಲ್ಲವ್ವಾ," ಎಂದು ಕಪಿಲ ಚೀಲ ಹೆಗಲಿಗೇರಿಸಿದ.

"ಲಗೂನ ಹೋಗ್ರಿ ಮತ್ತ. ಕಮಲಾಪುರದ ಹುಡುಗರು ನಲವತ್ತು ಮಂದಿ ಅದಾರಂತ. ಇವತ್ತಿನ ಪಾಠ ಅವರಿಗೆ ಸೇರಿದರ ಎಲ್ಲಾರೂ ನಮ್ಮ ಸೆಂಟರಿಗೇ ಬರ್ತಾರ. ಮಾನ ಉಳಿಸ್ಕೊಂಡು ಬರ್ರಿ."

ನೌಕರಿ ಪರೀಕ್ಷೆಗೆ ಓದುವ ಹುಡುಗರು ಕಪಿಲನನ್ನು ‘ಡಿಗ್ರಿ ಸರ್’ ಎಂದೇ ಕರೆಯುತ್ತಿದ್ದರು. ಮೂರೂಕಾಲಿಗೆ ಎರಡು ಮುಳ್ಳುಗಳ ನಡುವೆ ಎಷ್ಟು ಕೋನ ಎಂದರೆ ಎಲ್ಲರೂ ಸೊನ್ನೆ ಎನ್ನುವರು. "ತಪ್ಪು! ತಾಸಿಗೆ ಮೂವತ್ತು ಗುಣಿಸ್ರಿ, ಮಿನಿಟಿಗೆ ಐದೂವರೆ ಗುಣಿಸ್ರಿ, ದೊಡ್ಡದರಾಗ ಸಣ್ಣದು ಕಳೀರಿ. ಏಳೂವರೆ ಡಿಗ್ರಿ!" ಎಂದು ಅವನು ಬೋರ್ಡಿಗೆ ಗುದ್ದುವನು. ಚಪ್ಪಾಳೆ ಬೀಳುವುದು.

ಆದರೆ ಆ ಸೂತ್ರಕ್ಕೆ ಗಡಿಯಾರವೇ ಬೇಕಿಲ್ಲ, ಅಂಕಿ ಸಾಕು. ಕಪಿಲನ ಗುಟ್ಟು ಇರುವುದೇ ಅಲ್ಲಿ. ಎರಡನೇ ತರಗತಿಯಲ್ಲಿ ಗಡಿಯಾರದ ಪಾಠ ನಡೆದ ವಾರ ಅವನು ದಡಾರ ಎದ್ದು ಮನೆಯಲ್ಲಿ ಮಲಗಿದ್ದ. ಆಮೇಲೆ ಕೇಳಲು ನಾಚಿಕೆ. ಕೇಳದೆ ಕೇಳದೆ ವಯಸ್ಸು ಇಪ್ಪತ್ತೇಳಾಯಿತು. ಗೋಡೆಯ ಮೇಲಿನ ಗಡಿಯಾರ ನೋಡಿ ಟೈಮ್ ಹೇಳಲು ಡಿಗ್ರಿ ಸರ್‌ಗೆ ಬರುತ್ತಿರಲಿಲ್ಲ.

ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಮೊಬೈಲು ಸತ್ತಿತ್ತು. ಚಾರ್ಜರು ಸೆಂಟರಿನಲ್ಲೇ ಉಳಿದಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತವಳು ಹಣಮಮ್ಮ. ಬೆಳಿಗ್ಗೆ ಕಮಲಾಪುರದಿಂದ ಕೆಂಪು ಬಾಳೆಹಣ್ಣು ತಂದು ಮಾರಿ, ಖಾಲಿ ಬುಟ್ಟಿಯೊಂದಿಗೆ ಊರಿಗೆ ಹೊರಟಿದ್ದಳು. ಬುಟ್ಟಿಯಲ್ಲಿ ಉಳಿದದ್ದು ಎರಡೇ ಹಣ್ಣು.

"ತಮ್ಮಾ, ಒಂದಕ್ಕ ಬಿಡ್ತದಂತ ಬಸ್ಸು. ಈಗ ಎಷ್ಟಾಗ್ಯದ ನೋಡು. ಆ ಕಂಬ ಅಡ್ಡ ಬರಾಕತ್ತದ ನನಗ."

ಕಪಿಲ ಕಿಟಕಿಯಿಂದ ನಿಲ್ದಾಣದ ಗಡಿಯಾರ ನೋಡಿದ. ಎರಡು ಮುಳ್ಳು ಅವನನ್ನೇ ದುರುಗುಟ್ಟಿದವು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. "ಸುಮಾರು ನೂರಾ ಹತ್ತು ಡಿಗ್ರಿ."

"ಜ್ವರ ಕೇಳಿಲ್ಲೋ ಯಪ್ಪಾ! ಟೈಮ್ ಕೇಳೀನಿ!"

ಕಪಿಲನ ಕಿವಿ ಅವಳ ಹಣ್ಣಿಗಿಂತ ಕೆಂಪಾದವು. ಹಣಮಮ್ಮ ಅವನ ಮುಖವನ್ನು ದಿಟ್ಟಿಸಿ ದನಿ ತಗ್ಗಿಸಿದಳು. "ಬರಂಗಿಲ್ಲೇನೋ?"

ಇಪ್ಪತ್ತು ವರ್ಷ ಮುಚ್ಚಿಟ್ಟದ್ದು ಒಂದು ತಲೆಯಾಟದಲ್ಲಿ ಹೊರಬಿತ್ತು.

"ಇರ್ಲಿ ಬಿಡು. ಸಾಲಿ ಮೆಟ್ಟಲ ಹತ್ತದಾಕಿ ನಾನು, ನಾನ ಕಲ್ತೀನಿ. ಬಸ್ಸು ತಪ್ಪಿದರ ಹಣ್ಣು ಕೊಳಿತಾವಲ್ಲ! ನೀ ಏನ್ ಕೆಲಸ ಮಾಡ್ತಿ?"

"ಹಿಂಗ... ಒಂದು ಪ್ರೈವೇಟ್ ಕೆಲಸರಿ."

ಬಸ್ಸು ಹೊರಟಿತು. ಹಣಮಮ್ಮ ಬುಟ್ಟಿ ಬೋರಲು ಹಾಕಿ ತೊಡೆಯ ಮೇಲಿಟ್ಟಳು. ಅದರ ಮೇಲೆ ಒಂದು ಗಿಡ್ಡ ಹಣ್ಣು, ಒಂದು ಉದ್ದ ಹಣ್ಣು. "ಗಿಡ್ಡದು ತಾಸು. ಉದ್ದಂದು ಮಿನಿಟ. ಉದ್ದಂದು ಒಂದು ಸುತ್ತು ಓಡಿ ಬರೂದ್ರಾಗ ಗಿಡ್ಡದು ಒಂದು ಮನಿ ದಾಟ್ತದ. ಮುದುಕರ ನಡಿಗಿ ಅದರದು."

ಅವಳಿಗೆ ಮೆಲ್ಲಗೆ ಮಾತಾಡಿ ರೂಢಿಯಿರಲಿಲ್ಲ. ಕಂಡಕ್ಟರ್ ಮೈಬೂಬ ಟಿಕೆಟ್ ಕೊಡುವುದನ್ನು ಬಿಟ್ಟು ಬಗ್ಗಿ ನೋಡಿದ. "ಏನ್ ನಡಸೀದಿ ಅಕ್ಕಾ?"

"ಈ ಕೂಸಿಗೆ ಗಡಿಯಾರ ಬರಂಗಿಲ್ಲಂತ, ಕಲಸಾಕತ್ತೀನಿ."

"ಅರೆ, ಸೆಕೆಂಡ್ ಮುಳ್ಳು ಎಲ್ಲ್ಯದ?" ಎಂದು ಮೈಬೂಬ ಕಿವಿಯ ಮೇಲಿನ ಪೆನ್ನು ತೆಗೆದು ಬುಟ್ಟಿಯ ಮೇಲಿಟ್ಟ. ಹಿಂದಿನ ಸೀಟಿನವರು ಎದ್ದು ನಿಂತರು. "ಸಾಡೇ ಚಾರ್, ಅಂದರ ನಾಲ್ಕೂವರೆ ಕೇಳ್ರಿ ಅವನಿಗೆ!" ಎಂದ ಒಬ್ಬ. "ಪೌಣೇ ಎಂಟು, ಏಳೂಮುಕ್ಕಾಲು ಕೇಳ್ರಿ!" ಎಂದ ಇನ್ನೊಬ್ಬ. ಕಪಿಲನಿಗೆ ಸೀಟಿನ ಕೆಳಗೆ ಚೀಲವಾಗಿ ಬಿದ್ದಿರಬಾರದೇ ಎನಿಸಿತು. ಆದರೂ ಮಹಾಗಾಂವ ಕ್ರಾಸ್ ಬರುವಷ್ಟರಲ್ಲಿ ತಾಸು ಬಂತು, ಕಮಲಾಪುರ ಕಾಣುವಷ್ಟರಲ್ಲಿ ಮಿನಿಟೂ ಬಂತು. ಇಳಿಯುವಾಗ ಇಡೀ ಬಸ್ಸು ಅವನಿಗೆ ಚಪ್ಪಾಳೆ ತಟ್ಟಿತು. ಅವನು ಹಿಂತಿರುಗಿ ನೋಡದೆ ಓಡಿದ.

ಕಮಲಾಪುರದ ಓದುವ ಕೋಣೆಯಲ್ಲಿ ಹುಡುಗರು ಕಿಕ್ಕಿರಿದಿದ್ದರು. ಕರೆಸಿದ್ದವರು ನಿವೃತ್ತ ಹೆಡ್‌ಮಾಸ್ತರ್ ಮಾಪಣ್ಣ. ಕಪಿಲ ಅಂದು ಪಾಠ ಮಾಡಿದಷ್ಟು ಚೆನ್ನಾಗಿ ಎಂದೂ ಮಾಡಿರಲಿಲ್ಲ. ಮೂರೂಕಾಲಿನ ಲೆಕ್ಕ ಬಂದಾಗ ಸೂತ್ರ ಬಿಟ್ಟು, "ಉದ್ದ ಮುಳ್ಳು ಓಡೂ ಮುಂದ ಗಿಡ್ಡದು ಸುಮ್ನ ಕುಂತಿರ್ತದೇನು? ಮುದುಕರ ನಡಿಗಿ ಅದರದು, ಏಳೂವರೆ ಡಿಗ್ರಿ ಸರದಿರ್ತದ!" ಎಂದ. ತನ್ನ ಲೆಕ್ಕ ತನಗೇ ಮೊದಲ ಸಲ ಅರ್ಥವಾಗಿತ್ತು.

ಪಾಠ ಮುಗಿದು ಸನ್ಮಾನ. ಮದುವೆಯಿರಲಿ, ನಿವೃತ್ತಿಯಿರಲಿ, ಆ ಕಡೆ ಉಡುಗೊರೆಯೆಂದರೆ ಗೋಡೆ ಗಡಿಯಾರ. ಮಾಪಣ್ಣ ಬಣ್ಣದ ಕಾಗದ ಹರಿದು ದೊಡ್ಡ ಗಡಿಯಾರ ಎತ್ತಿ ಹಿಡಿದರು.

"ಸರ, ಕಡೀ ಪ್ರಶ್ನೆ! ಈಗ ಎಷ್ಟು ಗಂಟೆ, ಕೋನ ಎಷ್ಟು?"

ಕಪಿಲ ಮುಳ್ಳುಗಳನ್ನು ದಿಟ್ಟಿಸಿದ. ಗಿಡ್ಡ ಹಣ್ಣು ಎಲ್ಲಿದೆ? ಹತ್ತರ ಮನೆ ದಾಟಿದೆ. ಉದ್ದ ಹಣ್ಣು? ಎರಡರ ಮೇಲೆ. ಬಂತು! ಹುಟ್ಟಿದಾಗಿನಿಂದ ಮೊದಲ ಸಲ, ಯಾರನ್ನೂ ಕೇಳದೆ!

"ಹತ್ತು ಗಂಟೆ ಹತ್ತು ಮಿನಿಟು! ಕೋನ ನೂರಾ ಹದಿನೈದು ಡಿಗ್ರಿ!" ಎಂದು ಕೂಗಿದ.

ಕಿಟಕಿಯಲ್ಲಿ ಸಂಜೆ ನಾಲ್ಕರ ಬಿಸಿಲು ಹಳದಿಯಾಗಿ ಬಿದ್ದಿತ್ತು. ಅದು ಅಂಗಡಿಯಿಂದ ಬಂದ ಹೊಸ ಗಡಿಯಾರ, ಸೆಲ್ಲೇ ಹಾಕಿರಲಿಲ್ಲ.

ಕಪಿಲ ಕಿಟಕಿಯತ್ತ ನೋಡಿ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಮಾಪಣ್ಣ ಗಹಗಹಿಸಿ ನಕ್ಕರು. "ಏನ್ ಮಜಾಕ್ ಮಾಡ್ತೀರಿ ಸರ! ಸೆಲ್ ಹಾಕೂದು ಮರ್ತೀನಿ ಅಂತ ಎಷ್ಟು ನಾಜೂಕಾಗಿ ಹೇಳಿದ್ರಿ!" ಹುಡುಗರು ಬೆಂಚು ಕುಟ್ಟಿ ನಕ್ಕರು. ಕಪಿಲನಿಗೆ ಹೋದ ಜೀವ ಬಂತು. ಅವನೂ ಮಜಾಕೇ ಮಾಡಿದವನಂತೆ ಮೀಸೆಯಡಿ ನಕ್ಕ.

"ಯಾಕ ನಗ್ತೀರೋ ಆ ಕೂಸಿಗೆ!"

ಬಾಗಿಲಲ್ಲಿ ಹಣಮಮ್ಮ ನಿಂತಿದ್ದಳು, ಸೊಂಟದಲ್ಲಿ ಅದೇ ಬುಟ್ಟಿ.

"ಅಕ್ಕಾ, ನೀ ಒಳಗ ಬಾ. ಸರ್ ಮಜಾಕ್ ಮಾಡ್ಯಾರ," ಎಂದರು ಮಾಪಣ್ಣ. ಅವಳು ಅವರ ಒಡಹುಟ್ಟಿದ ಅಕ್ಕ.

"ಮಜಾಕ್ ಎಲ್ಲೀದೋ ಮಾಪಣ್ಣಾ? ಮಧ್ಯಾಹ್ನತನ ಇವನಿಗೆ ಗಡಿಯಾರ ನೋಡಾಕ ಬರ್ತಿದ್ದಿಲ್ಲ. ಬಸ್ಸಿನ್ಯಾಗ ಬುಟ್ಟಿ ಮ್ಯಾಲ ಬಾಳಿಹಣ್ಣ ಇಟ್ಟು ನಾನ ಕಲಸೀನಿ, ಬೇಕಾದರ ಮೈಬೂಬಗ ಕೇಳು. ಮುಳ್ಳು ಹತ್ತು ಹತ್ತು ತೋರಸ್ತದ, ಹತ್ತು ಹತ್ತು ಅಂದಾನ. ಏನ್ ತಪ್ಪು? ಚಪ್ಪಾಳಿ ಹೊಡೀರಿ!"

ಯಾರೂ ಹೊಡೆಯಲಿಲ್ಲ. ನಲವತ್ತು ಜೋಡಿ ಕಣ್ಣು ಕಪಿಲನ ಮೇಲೆ ಬಂದು ನಿಂತವು. ಅವನು ತನ್ನ ಬೂಟಿನ ದಾರ ನೋಡತೊಡಗಿದ.

ಮಾಪಣ್ಣ ಮೇಜಿನ ಖಾನೆಯಿಂದ ಸೆಲ್ ತೆಗೆದು ಗಡಿಯಾರಕ್ಕೆ ಹಾಕಿ, ಅದನ್ನು ಅವನ ಕೈಗಿಟ್ಟು ಮೆಲ್ಲಗೆ ಕೇಳಿದರು. "ಸರ, ಟೈಮ್ ನೀವ ಹೊಂದಸ್ತೀರೋ... ಅಕ್ಕ ಹೊಂದಸ್ಲೋ?"

ಕಪಿಲ ತಲೆ ಎತ್ತದೆ, ಎರಡೂ ಕೈಯಲ್ಲಿ ಗಡಿಯಾರವನ್ನು ಹಣಮಮ್ಮನ ಮುಂದೆ ಹಿಡಿದ. ಅವಳು ಬುಟ್ಟಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹಿಂದಿನ ತಿರುಪು ತಿರುಗಿಸಿದಳು.