ಕಾಕಾನ ಹನ್ನೆರಡು ತಿಂಗಳ ಹೂ

ಕಲ್ಲೋಳಿ ಕಡೆಯ ನಮ್ಮೂರಲ್ಲಿ ಅಳುವ ಮನೆಯಲ್ಲೇ ನಗು ಬರುವಂಥದ್ದು ಏನಾದರೂ ನಡೆಯುತ್ತಿತ್ತು. ಪ್ಲೇಗಿನ ವರ್ಷವಂತೂ ನಾವು ನಕ್ಕು ಪಾಪ ಕಟ್ಟಿಕೊಂಡೆವು.

೧. ಮಲ್ಲಿಗೆ ಯಾಕಿಲ್ಲ?

ನಮ್ಮ ಬಾಜೂ ಹೊಲದ ಕಾಕಾನ ಅಣ್ಣ ಸತ್ತಾಗ ಊರಲ್ಲಿ ಒಂದು ಹೂವೂ ಸಿಕ್ಕಿರಲಿಲ್ಲ. ಹೆಣ ಕೂರಿಸಿ ಒಯ್ಯುವ ವಿಮಾನಕ್ಕೆ ಬರೀ ಬೇವಿನ ಟೊಂಗೆ ಕಟ್ಟಿದ್ದರು. ಆ ಗತಿ ತನಗೆ ಬೇಡವೆಂದು ಕಾಕಾ ಬಾವಿಯ ಕಾಲುವೆಗುಂಟ ಕಣಗಿಲೆ, ದಾಸವಾಳ, ಸದಾಪುಷ್ಪ ಸಾಲಾಗಿ ಹಚ್ಚಿದರು. ಬಾಡಿದ್ದನ್ನು ಚಿವುಟಿ, ಮಳೆ ಮುಗಿದೊಡನೆ ಟೊಂಗೆ ಸವರಿ, ವರ್ಷವಿಡೀ ಅರಳಿಸುತ್ತಿದ್ದರು.

"ಮಲ್ಲಿಗಿ ಯಾಕ ಹಚ್ಚಿಲ್ಲ ಕಾಕಾ?" ಎಂದೆ.

"ಅದು ಬ್ಯಾಸಗಿಗಷ್ಟ ಅರಳತೈತಿ. ನಾ ಮಳಿಗಾಲದಾಗ ಸತ್ತರ?"

೨. ಮುಂಚಿತ ಹೂ

ಇಲಿ ಸತ್ತವು, ಊರು ಬಿಟ್ಟು ಹೊಲದ ಗುಡಿಸಲಿಗೆ ಬಂದೆವು. ದಿನಕ್ಕೊಂದು ಹೆಣ. ಎಲ್ಲರೂ ಕಾಕಾನ ಹೂವಿಗೇ ಬರುವವರು. "ಇವು ನನ್ನವು!" ಎಂದು ಕಾಕಾ ಬೈಯುವರು, ಅವರ ಹೆಂಡತಿ ಕಾಕು ಸುಮ್ಮನೆ ಬುಟ್ಟಿ ತುಂಬಿ ಕೊಡುವರು.

ಒಂದು ಮುಂಜಾನೆ ಕುಂಬಾರ ಬಂದ. "ನಮ್ಮವ್ವನ ಸಲುವಾಗಿ ಹೂ ಕೊಡ್ರಿ."

"ಯಾವಾಗ ಹೋದ್ಲೋ?"

"ಇನ್ನೂ ಹೋಗಿಲ್ರಿ. ನಾಳೆ ಬಂದ್ರ ಹೂ ಉಳೀತಾವೋ ಇಲ್ಲೋ ಅಂತ."

ಮುದುಕಿ ಬದುಕಿದಳು. ಎಂಟು ದಿನಕ್ಕೆ ತಾನೇ ಕೋಲೂರಿ ಬಂದಳು. "ನನ್ನ ಹೂ ಕೆಡಿಸಲಿಲ್ರಿ, ಗುಡಿಯ ಲಿಂಗದ ಮ್ಯಾಲ ಏರಿಸಿದ್ನಿ. ಬೇಕಾದಾಗ ಮತ್ತ ಕೇಳ್ತೀನಿ."

೩. ನಾಲ್ಕು ದಿನ

ಕೊನೆಗೆ ಕಾಕಾನ ಕಂಕುಳಲ್ಲೇ ಗಡ್ಡೆ ಎದ್ದಿತು. ಅಂದೇ ಮೂರು ಹೆಣಕ್ಕೆ ಹೂ ಹೋಗಿ ಸಾಲೆಲ್ಲ ಬೋಳು. ಜ್ವರದಲ್ಲೇ ನನ್ನನ್ನು ಕರೆದರು.

"ಗಿಡದಾಗ ಏನೈತಿ?"

"ಬರೇ ಮೊಗ್ಗ ಅದಾವ ಕಾಕಾ. ಅರಳಾಕ ನಾಲ್ಕ ದಿನ ಬೇಕು."

ಕಾಕಾ ಹಲ್ಲು ಕಚ್ಚಿದರು. "ಹಂಗಾರ ಇವತ್ತ ಸಾಯಂಗಿಲ್ಲ."

ಮಾತಿಗೆ ತಪ್ಪಲಿಲ್ಲ. ನಾಲ್ಕನೆಯ ದಿನ ಗಡ್ಡೆ ಒಡೆದು ಜ್ವರ ಇಳಿಯಿತು.

೪. ಪಾಳಿ

ಅಷ್ಟೂ ದಿನ ಅವರಿಗೆ ಗಂಜಿ ಕುಡಿಸಿದ ಕಾಕು ಆಗ ಮಲಗಿದರು, ಎರಡೇ ದಿನಕ್ಕೆ ಹೋದರು. ನನಗೆ ಹೆತ್ತವ್ವ ಹೋದಷ್ಟು ಸಂಕಟವಾಯಿತು. ಸಾಲೆಲ್ಲ ಅರಳಿ ನಿಂತಿತ್ತು. ನಡೆಯಲಾಗದ ಕಾಕಾನನ್ನು ಬೆನ್ನ ಮೇಲೆ ಹೊತ್ತು ಅಲ್ಲಿಗೆ ಒಯ್ದೆ. ಒಂದೂ ಬಿಡದೆ ತಾವೇ ಕಿತ್ತರು. ವಿಮಾನದಲ್ಲಿ ಕಾಕುವಿನ ಮುಖವೊಂದು ಬಿಟ್ಟು ಉಳಿದದ್ದೆಲ್ಲ ಹೂವೇ.

ಹೂಳಲು ತೋಡಿದ ಕುಣಿಯಲ್ಲಿ ಕಾಕುವನ್ನು ಕೂರಿಸಿದೆವು. ಹಿಡಿ ಮಣ್ಣು ಹಾಕಿರೆಂದರೆ ಕಾಕಾ ಹಾಕಲೊಲ್ಲರು. ಅಂಚಿಗೆ ತೆವಳಿ ಬಂದು, ಮಂದಿಯೆದುರಿಗೇ ಹೆಂಡತಿಯನ್ನು ಬೈದರು:

"ಏಯ್, ಪಾಳಿ ನಂದಿತ್ತು! ನಡುವ ಯಾಕ ಹೊಕ್ಕಿ?"